ದನಗಳ ಕಿವಿಯೋಲೆ: ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳದಿ ಬಿಲ್ಲೆ ಈಗ ಬಹುತೇಕ ಹಳ್ಳಿಗಳ ಕೊಟ್ಟಿಗೆಗೆ ಬಂದಿದೆ. ಅದನ್ನು ಹಾಕಿಸಿಕೊಂಡವರಲ್ಲೂ ಅರ್ಧ ಜನಕ್ಕೆ ಅದು ಯಾಕೆ, ಆಮೇಲೆ ತಾವು ಮಾಡಬೇಕಾದ್ದೇನು ಅನ್ನೋದು ಸ್ಪಷ್ಟವಿಲ್ಲ. ಡೇರಿ ಮುಂದೆ, ಸಂತೆಯಲ್ಲಿ, ಲಸಿಕೆ ಹಾಕುವ ದಿನ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಈ ಹಳದಿ ಬಿಲ್ಲೆ ಅಂದರೆ ಏನು?

ಪಶುಸಂಗೋಪನಾ ಇಲಾಖೆಯವರು ಕಿವಿಯೋಲೆ ಅನ್ನುತ್ತಾರೆ, ಊರಲ್ಲಿ ಬಿಲ್ಲೆ ಅಥವಾ ಟ್ಯಾಗ್ ಅನ್ನುತ್ತೇವೆ. ಪಾಲಿಯುರೆಥೇನ್ ಅನ್ನುವ ಬಾಗುವ ಪ್ಲಾಸ್ಟಿಕ್‌ನಿಂದ ಮಾಡಿದ್ದು. ಅದರ ಮೇಲೆ 12 ಅಂಕಿಯ ನಂಬರ್ ಮತ್ತು ಬಾರ್‌ಕೋಡ್ ಇರುತ್ತದೆ. ಈ ನಂಬರ್ ದೇಶದಲ್ಲಿ ಇನ್ನೊಂದು ದನಕ್ಕೆ ಇರುವುದಿಲ್ಲ. ಅದಕ್ಕೇ ಇದನ್ನು ಪಶು ಆಧಾರ್ ಅಂತ ಕರೆಯುತ್ತಾರೆ.

ಬಿಲ್ಲೆಯಲ್ಲಿ ಚಿಪ್ ಇಲ್ಲ, ಜಿಪಿಎಸ್ ಇಲ್ಲ. ನಿಮ್ಮ ಹಸು ಎಲ್ಲಿ ಮೇಯುತ್ತಿದೆ ಅಂತ ಅದು ಯಾರಿಗೂ ಹೇಳುವುದಿಲ್ಲ. ಅದು ಬರೀ ನಂಬರ್. ಆ ನಂಬರಿನ ಹಿಂದೆ ಕಂಪ್ಯೂಟರಿನಲ್ಲಿ ಬರೆದಿಟ್ಟ ದಾಖಲೆಯೇ ಅಸಲಿ ವಿಷಯ. ಮೊದಲು ಈ ದಾಖಲೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೂಪಿಸಿದ ಇನಾಫ್ ಅನ್ನುವ ವ್ಯವಸ್ಥೆಯಲ್ಲಿತ್ತು. ಈಗ ಭಾರತ್ ಪಶುಧನ್ ಅನ್ನುವ ಹೊಸ ವ್ಯವಸ್ಥೆಯಲ್ಲಿದೆ.

ಇದು ಕಡ್ಡಾಯವಾ? ಹಾಕಿಸದಿದ್ದರೆ ದಂಡ ಇದೆಯಾ?

ನೇರವಾಗಿ ಹೇಳಬೇಕೆಂದರೆ, ಕಡ್ಡಾಯ ಅನ್ನೋದು ಇಲ್ಲಿ ಹಿಂಬಾಗಿಲಿನಿಂದ ಬರುತ್ತದೆ. ಸಾಂಕ್ರಾಮಿಕ ರೋಗಗಳ ಬಗ್ಗೆ 2009ರ ಕೇಂದ್ರ ಕಾಯ್ದೆಯೊಂದಿದೆ. ಲಸಿಕೆ ಹಾಕಿದ ಪ್ರಾಣಿಗೆ ಗುರುತು ಮಾಡುವ ಅಧಿಕಾರ ಅದರಲ್ಲಿದೆ. ರೋಗ ಬಂದರೆ ತಿಳಿಸಬೇಕಾದ್ದು ಮಾಲೀಕನ ಹೊಣೆ ಅಂತಲೂ ಅದು ಹೇಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಕಾಲುಬಾಯಿ ರೋಗ ಮತ್ತು ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ಕೇಂದ್ರವೇ ಲಸಿಕೆಯ ಖರ್ಚು ಹೊರುವ ಕಾರ್ಯಕ್ರಮ ಇದು. ಲಸಿಕೆಯ ಜೊತೆಗೇ ಕಿವಿಯೋಲೆ ಬಂತು.

ಹಾಗಾಗಿ ಓಲೆ ಇಲ್ಲ ಅಂತ ಯಾರೂ ಮನೆಗೆ ಬಂದು ರಸೀದಿ ಹರಿಯುವುದಿಲ್ಲ. ಆದರೆ ಲಸಿಕೆಯ ದಾಖಲೆ, ವಿಮೆ, ಪರಿಹಾರ, ಕೃತಕ ಗರ್ಭಧಾರಣೆ ಹೀಗೆ ಎಲ್ಲಿ ಹೋದರೂ ಮೊದಲು ಕೇಳುವುದು ಆ 12 ಅಂಕಿ. ಬೇಡ ಅನ್ನುವ ಸ್ವಾತಂತ್ರ್ಯ ಕಾಗದದ ಮೇಲಿದೆ, ಅಷ್ಟೇ.

ನಮ್ಮ ಹಸು ನಮಗೆ ಗೊತ್ತು. ನಂಬರ್ ಯಾಕೆ ಬೇಕು?

ಗೊತ್ತಿರುತ್ತದೆ, ನಿಜ. ಕೊಂಬು, ಬಣ್ಣ, ಸುಳಿ, ನಡಿಗೆ ನೋಡಿ ಕತ್ತಲಲ್ಲೂ ಹೇಳುತ್ತೀರಿ. ಆದರೆ ನಿಮ್ಮ ಹಸು ನಿಮ್ಮ ಕೈಬಿಟ್ಟು ಹೋದಾಗ ಆ ತಿಳಿವಳಿಕೆ ಅದರ ಜೊತೆ ಹೋಗುವುದಿಲ್ಲ. ಎರಡು ಕಪ್ಪು-ಬಿಳಿ ಎಚ್‌ಎಫ್ ತಳಿಯ ಹಸುಗಳನ್ನು ಅಕ್ಕಪಕ್ಕ ಕಟ್ಟಿ, ಯಾವುದಕ್ಕೆ ಲಸಿಕೆ ಆಗಿದೆ ಅಂತ ಹೊರಗಿನವರನ್ನು ಕೇಳಿ ನೋಡಿ.

ಲಸಿಕೆ ಹಾಕುವವರ ಕಷ್ಟವೂ ಇದೇ ಆಗಿತ್ತು. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಹಾಕಬೇಕು. ಊರಿನ ದನಗಳಲ್ಲಿ ಹೆಚ್ಚಿನವಕ್ಕೆ ಒಂದೇ ಸಮಯದಲ್ಲಿ ರೋಗನಿರೋಧಕ ಶಕ್ತಿ ಇದ್ದರೆ ಮಾತ್ರ ವೈರಸ್ ಹಬ್ಬುವುದು ನಿಲ್ಲುತ್ತದೆ. ಮೊದಲು ಇಷ್ಟು ಡೋಸ್ ಬಂತು, ಇಷ್ಟು ಖಾಲಿಯಾಯ್ತು ಅನ್ನುವ ಲೆಕ್ಕ ಮಾತ್ರ ಇತ್ತು. ಯಾವ ದನಕ್ಕೆ ಆಯ್ತು, ಯಾವುದು ಆ ದಿನ ಹೊಲಕ್ಕೆ ಹೋಗಿತ್ತು ಅನ್ನುವ ಲೆಕ್ಕ ಇರಲಿಲ್ಲ. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ರೋಗ ಸಾವಿರಾರು ಹಸುಗಳನ್ನು ಬಲಿ ತೆಗೆದುಕೊಂಡಿದ್ದು ಹಳೇ ಮೈಸೂರು ಕಡೆಯ ಹೈನುಗಾರರಿಗೆ ಇನ್ನೂ ನೆನಪಿದೆ. ಅದರಲ್ಲೂ ಸೀಮೆ ಹಸುಗಳೇ ಜಾಸ್ತಿ ಸತ್ತವು.

ರೋಗ ಬಂದಾಗ ಈ ನಂಬರಿನಿಂದ ಏನು ಪ್ರಯೋಜನ?

ಕಾಲುಬಾಯಿ ರೋಗದ ವೈರಸ್ ದನದ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಎರಡರಿಂದ 14 ದಿನ ಬೇಕು. ಬಾಯಲ್ಲಿ ಜೊಲ್ಲು, ಗೊರಸಿನಲ್ಲಿ ಹುಣ್ಣು ಕಾಣುವ ಹೊತ್ತಿಗೆ ಆ ದನ ಸಂತೆ ಸುತ್ತಿ ಬಂದಿರಬಹುದು. ಆಗ ವೈದ್ಯರು ಎರಡು ಪ್ರಶ್ನೆ ಕೇಳುತ್ತಾರೆ. ಈ ದನ ಎಲ್ಲಿಂದ ಬಂತು? ಕಳೆದ ಎರಡು ವಾರದಲ್ಲಿ ಇದರ ಪಕ್ಕದಲ್ಲಿ ನಿಂತ ದನಗಳು ಎಲ್ಲಿಗೆ ಹೋದವು? ಹಿಂದಕ್ಕೊಂದು ಹುಡುಕಾಟ, ಮುಂದಕ್ಕೊಂದು ಹುಡುಕಾಟ. ಎರಡಕ್ಕೂ ಬೇಗ ಉತ್ತರ ಸಿಕ್ಕರೆ ನಾಲ್ಕು ಹಳ್ಳಿಗೆ ಸುತ್ತುಗಟ್ಟಿ ಲಸಿಕೆ ಹಾಕಿ ನಿಲ್ಲಿಸಬಹುದು. ಸಿಗದಿದ್ದರೆ ಇಡೀ ಜಿಲ್ಲೆಯ ಸಂತೆ ಮುಚ್ಚಬೇಕಾಗುತ್ತದೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಆಗಿದ್ದು ಎರಡನೆಯದು. ಅದನ್ನು ನೊಣ, ಸೊಳ್ಳೆ, ಉಣ್ಣೆಗಳೂ ಹರಡುತ್ತವೆ, ಹಾಗಾಗಿ ಪತ್ತೆ ಇನ್ನೂ ಕಷ್ಟ. ದನಗಳ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ರೋಗವೇ ಇಲ್ಲದ ಊರಿನವರೂ ಎತ್ತು ಮಾರಲಾಗದೆ ಕೂತರು. ಗುರುತು ಮತ್ತು ಜಾಡು ಸರಿಯಾಗಿದ್ದರೆ ಇಂಥ ತಡೆಯನ್ನು ಚಿಕ್ಕ ಪ್ರದೇಶಕ್ಕೆ ಸೀಮಿತ ಮಾಡಬಹುದು. ರೈತನಿಗೆ ನೇರ ಲಾಭ ಅಂದರೆ ಇದೇ. ಲಸಿಕೆ ಕರಪತ್ರಗಳಲ್ಲಿ ಇದನ್ನು ಯಾಕೋ ಬರೆಯುವುದೇ ಇಲ್ಲ.

ಹಸುವನ್ನು ಮಾರಿದೆ. ಓಲೆ ಅದರ ಕಿವಿಯಲ್ಲೇ ಇದೆ. ನನ್ನ ಕೆಲಸ ಮುಗಿಯಿತಲ್ವಾ?

ಮುಗಿದಿಲ್ಲ. ಇಡೀ ವ್ಯವಸ್ಥೆ ಸೋರುವುದು ಇಲ್ಲೇ.

ನೀವು ಮಾರಿದಿರಿ, ದಲ್ಲಾಳಿ ಕೊಂಡ, ಅವನು ಮುಂದಿನ ವಾರ ಇನ್ನೊಂದು ಸಂತೆಯಲ್ಲಿ ಮಾರಿದ. ಟವೆಲ್ ಒಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯಿತು, ದುಡ್ಡು ಕೈಗೆ ಬಂತು, ಹಗ್ಗ ಕೈ ಬದಲಾಯಿತು. ಕಂಪ್ಯೂಟರಿನಲ್ಲಿ ಮಾತ್ರ ಹಸು ಇನ್ನೂ ನಿಮ್ಮ ಕೊಟ್ಟಿಗೆಯಲ್ಲೇ ಕಟ್ಟಿದೆ. ಮುಂದೆ ಆ ಹಸುವಿಗೆ ರೋಗ ಬಂದರೆ ಫೋನ್ ಬರುವುದು ನಿಮಗೆ. ಬೀದಿಯಲ್ಲಿ ಬಿಟ್ಟರೆ ಹೆಸರು ತೋರಿಸುವುದು ನಿಮ್ಮದು. ಕೊಂಡವರಿಗೂ ನಷ್ಟವೇ. ಅವರು ವಿಮೆ ಮಾಡಿಸಲು ಹೋದರೆ ದಾಖಲೆಯಲ್ಲಿ ಮಾಲೀಕ ಬೇರೆ. ಹೋದ ಹಸುವಿನ ಲಸಿಕೆಯ ಮೆಸೇಜು ನಿಮ್ಮ ಮೊಬೈಲಿಗೆ ಬರುತ್ತಾ ಇರುತ್ತದೆ.

ಆದ್ದರಿಂದ ಮಾರಿದ ಕೂಡಲೇ ನಿಮ್ಮೂರಿನ ಪಶು ಆಸ್ಪತ್ರೆಗೆ ಅಥವಾ ಲಸಿಕೆಗೆ ಬರುವ ಸಿಬ್ಬಂದಿಗೆ ತಿಳಿಸಿ. ಓಲೆಯ ನಂಬರ್, ಕೊಂಡವರ ಹೆಸರು, ಊರು, ಮೊಬೈಲ್ ನಂಬರ್ ಕೊಡಿ. ಮಾಲೀಕತ್ವ ಬದಲಾಯಿಸುವ ಅವಕಾಶ ಅವರ ಆ್ಯಪಿನಲ್ಲಿದೆ. ದಲ್ಲಾಳಿಗೆ ಕೊಡುವಾಗಲೂ ಅಷ್ಟೇ. ಅವನ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಓಲೆ ಕಾಣುವ ಹಾಗೆ ದನದ ಜೊತೆ ಒಂದು ಫೋಟೊ ತೆಗೆದಿಡಿ. ಫೋಟೊಗೆ ಒಪ್ಪದ ದಲ್ಲಾಳಿಗೆ ಮಾರುವ ಮುಂಚೆ ಎರಡು ಸಲ ಯೋಚಿಸಿ.

ಇದರಲ್ಲಿ ತಪ್ಪು ರೈತನದ್ದೊಂದೇ ಅಂತ ಹೇಳಲಾಗದು. ಸಂತೆ ನಡೆಯುವ ಜಾಗದಲ್ಲೇ ಒಂದು ಮೇಜು ಹಾಕಿ ಹೆಸರು ಬದಲಾಯಿಸುವ ವ್ಯವಸ್ಥೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಹಸು ಮಾರಿದವನು ಮತ್ತೊಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಲಿ ಅನ್ನೋದು ಓದಲು ಚೆನ್ನಾಗಿದೆ, ನಡೆಯುವುದು ಕಡಿಮೆ. ಕೋಟಿಗಟ್ಟಲೆ ಓಲೆ ಹಾಕಿದ ಲೆಕ್ಕ ಎಲ್ಲರೂ ಕೊಡುತ್ತಾರೆ. ಎಷ್ಟು ದನಗಳ ಮಾಲೀಕರ ಹೆಸರು ಬದಲಾಯಿತು ಅನ್ನುವ ಲೆಕ್ಕವನ್ನೇ ಮೊದಲು ಕೇಳಬೇಕು.

ಸಂತೆಯಲ್ಲಿ ಹಸು ಕೊಳ್ಳುವಾಗ ಓಲೆಯಲ್ಲಿ ಏನು ನೋಡಬೇಕು?

ಹಲ್ಲು ನೋಡಿ, ಸುಳಿ ನೋಡಿ, ಕೆಚ್ಚಲು ನೋಡಿ. ಅದೆಲ್ಲ ಆದ ಮೇಲೆ ಕಿವಿಯನ್ನೂ ನೋಡಿ. ನಂಬರನ್ನು ಬರೆದುಕೊಂಡು ನಿಮಗೆ ಗೊತ್ತಿರುವ ಪಶುವೈದ್ಯರಿಗೋ ಪಶುಸಖಿಗೋ (ದನಗಳ ಆರೈಕೆಗೆ ತರಬೇತಿ ಪಡೆದ ಊರಿನ ಮಹಿಳೆ) ಕಳಿಸಿ. ದಾಖಲೆ ಚೆನ್ನಾಗಿದ್ದರೆ ವಯಸ್ಸು, ತಳಿ, ಎಷ್ಟನೇ ಸೂಲು, ಕೊನೆಯ ಲಸಿಕೆ ಯಾವಾಗ, ಗರ್ಭಧಾರಣೆ ಯಾವಾಗ ಅನ್ನೋದು ಸಿಗುತ್ತದೆ. "ಮೂರನೇ ಸೂಲು ಅಣ್ಣ, ದಿನಕ್ಕೆ 18 ಲೀಟರ್" ಅನ್ನುವ ಮಾತಿನ ಮೊದಲ ಅರ್ಧವನ್ನಾದರೂ ಹೀಗೆ ಪರೀಕ್ಷೆ ಮಾಡಬಹುದು. ಎರಡನೆಯ ಅರ್ಧಕ್ಕೆ ಎರಡು ಹೊತ್ತು ನೀವೇ ನಿಂತು ಕರೆಸಿ ನೋಡಬೇಕು.

ಕಿವಿಯಲ್ಲಿ ಹೊಸದಾಗಿ ಹರಿದ ಗಾಯ ಇದ್ದು ಓಲೆ ಇಲ್ಲದಿದ್ದರೆ, ಯಾಕೆ ಅಂತ ಕೇಳಿ. ತಂತಿಗೆ ಸಿಕ್ಕಿ ಹರಿದಿರಬಹುದು. ಬೇಕಂತಲೇ ಕಿತ್ತಿದ್ದೂ ಆಗಿರಬಹುದು. ಕಳವಿನ ದನ, ವಿಮೆ ಹಣ ಪಡೆದ ದನ ಎರಡೂ ಸಂತೆಗೆ ಬರುವುದು ಹೀಗೆಯೇ.

ನಾವು ಗಡಿಯವರು. ಮಹಾರಾಷ್ಟ್ರದ ಸಂತೆಗೆ ಹೋಗುತ್ತೇವೆ. ಅಲ್ಲಿ ನಿಯಮ ಬೇರೆ ಅಂತಾರೆ?

ಹೌದು, ಅಲ್ಲಿ ಬಿಗಿ ಜಾಸ್ತಿ. ಮಹಾರಾಷ್ಟ್ರ ಸರ್ಕಾರ 2024ರ ಜೂನ್ 1ರಿಂದ ಕಿವಿಯೋಲೆ ಇಲ್ಲದ ದನಗಳ ಮಾರಾಟ, ಸಾಗಾಟಕ್ಕೆ ತಡೆ ಹಾಕಿತು. ಪಶು ಆಸ್ಪತ್ರೆಯ ಸೇವೆಗೂ ಓಲೆ ಬೇಕು ಅಂತ ಹೇಳಿತು. ಬೆಳಗಾವಿ, ವಿಜಯಪುರ ಕಡೆಯಿಂದ ಖಿಲಾರಿ ತಳಿಯ ಹೋರಿ ಹೊಡೆದುಕೊಂಡು ಸಾಂಗೋಲೆ, ಜತ್ತ ಕಡೆಗೆ ಹೋಗುವವರು ಹೊರಡುವ ಮುಂಚೆ ಓಲೆ ಇದೆಯಾ, ದಾಖಲೆಯಲ್ಲಿ ನಿಮ್ಮದೇ ಹೆಸರಿದೆಯಾ ಅಂತ ನೋಡಿಕೊಳ್ಳಿ. ನಂಬರ್ ದೇಶಕ್ಕೆಲ್ಲ ಒಂದೇ ವ್ಯವಸ್ಥೆಯದ್ದು, ಹಾಗಾಗಿ ಇಲ್ಲಿ ಹಾಕಿಸಿದ ಓಲೆಯೇ ಸಾಕು.

ಗಾಡಿಯಲ್ಲಿ ಸಾಗಿಸುವಾಗ ಬೇಕಾಗುವ ವೈದ್ಯರ ಪ್ರಮಾಣಪತ್ರ ಮತ್ತು ಬೇರೆ ಕಾಗದಗಳು ಬೇರೆಯೇ. ಓಲೆ ಇದೆ ಅಂತ ಅವನ್ನು ಬಿಡುವ ಹಾಗಿಲ್ಲ.

ಎಷ್ಟು ತಿಂಗಳ ಕರುವಿಗೆ ಹಾಕಿಸಬೇಕು?

ಸಾಮಾನ್ಯವಾಗಿ ನಾಲ್ಕು ತಿಂಗಳಿಗೆ. ಕಾಲುಬಾಯಿ ರೋಗದ ಮೊದಲ ಲಸಿಕೆಯೂ ಆಗಲೇ, ತಿಂಗಳು ಬಿಟ್ಟು ಬೂಸ್ಟರ್. ಹೆಣ್ಣುಗರು ಆಗಿದ್ದರೆ ಇನ್ನೊಂದು ಮುಖ್ಯ ವಿಷಯ ಇದೆ. ಕಂದು ರೋಗದ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಒಳಗೆ, ಜೀವನದಲ್ಲಿ ಒಂದೇ ಸಲ ಹಾಕುತ್ತಾರೆ. ಆ ಅವಧಿ ತಪ್ಪಿದರೆ ತಪ್ಪಿತು.

ಕಂದು ರೋಗ ಬಂದ ಹಸು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಅದು ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅಂತ ತಿಂಗಳುಗಟ್ಟಲೆ ಕಾಡುತ್ತದೆ. ಕಾಯಿಸದ ಹಾಲು ಕುಡಿಯಬೇಡಿ, ಸತ್ತೆಯನ್ನು (ಕರು ಹಾಕಿದ ಮೇಲೆ ಬೀಳುವ ಮಾಸು) ಬರಿಗೈಯಲ್ಲಿ ಎತ್ತಬೇಡಿ ಅನ್ನುವುದು ಇದಕ್ಕೇ. ಹೆಣ್ಣುಗರುವಿಗೆ ಈ ಲಸಿಕೆ ಆಗಿದೆಯೋ ಇಲ್ಲವೋ ಅಂತ ಮೂರು ವರ್ಷದ ನಂತರ ಹೇಳಬಲ್ಲದ್ದು ಆ ಓಲೆಯ ದಾಖಲೆ ಒಂದೇ. ಯಾರಿಗೂ ನೆನಪಿರುವುದಿಲ್ಲ.

ನಮ್ಮ ಹಸು ತುಂಬು ಗಬ್ಬ. ಈಗ ಹಾಕಿಸಬಹುದಾ?

ಓಲೆಯಿಂದ ಗಬ್ಬಕ್ಕೆ ತೊಂದರೆ ಇಲ್ಲ. ಆದರೆ ಹಿಡಿದು ಕಟ್ಟುವಾಗ ಒದ್ದಾಡಿ ಬೀಳುವ ಭಯ ಇರುತ್ತದೆ. ತುಂಬು ಗಬ್ಬದ ಹಸುಗಳಿಗೆ ಕಾಲುಬಾಯಿ ಲಸಿಕೆಯನ್ನೂ ಮುಂದೂಡುತ್ತಾರೆ. ಎರಡನ್ನೂ ಕರು ಹಾಕಿದ ಮೇಲೆ ಮಾಡಿಸಿ.

ನೋವಾಗುತ್ತಾ? ಕಿವಿಗೆ ಹುಳ ಬೀಳುತ್ತೆ ಅಂತಾರೆ?

ಮಕ್ಕಳಿಗೆ ಕಿವಿ ಚುಚ್ಚಿಸಿದಾಗ ಆಗುವಷ್ಟು ನೋವು, ಅಷ್ಟೇ ಹೊತ್ತು. ಇಕ್ಕಳದಂಥ ಸಾಧನದಲ್ಲಿ ಒಂದೇ ಸಲ ಒತ್ತಿ ಹಾಕುತ್ತಾರೆ. ಕಿವಿಯ ಮಧ್ಯಭಾಗದಲ್ಲಿ, ದಪ್ಪ ನರ ತಪ್ಪಿಸಿ ಹಾಕಿದರೆ ರಕ್ತವೂ ಹೆಚ್ಚು ಬರುವುದಿಲ್ಲ. ತುದಿಗೆ ಹಾಕಿದರೆ ಬೇಗ ಹರಿಯುತ್ತದೆ, ಬುಡಕ್ಕೆ ಹಾಕಿದರೆ ಕಿವಿ ಬಾಗುತ್ತದೆ. ಹಾಕುವವರು ಅವಸರದಲ್ಲಿದ್ದರೆ "ಸ್ವಲ್ಪ ನಿಧಾನ ಸರ್" ಅನ್ನಲು ಹಿಂಜರಿಯಬೇಡಿ.

ಹುಳ ಬೀಳುವುದು ಸುಮ್ನೆ ಹೆದರಿಸುವ ಮಾತಲ್ಲ. ಮಳೆಗಾಲದಲ್ಲಿ ನೊಣ ಜಾಸ್ತಿ, ಹಸಿ ಗಾಯದ ಮೇಲೆ ಮೊಟ್ಟೆ ಇಡುತ್ತವೆ. ಹಾಕಿಸುವ ಮುಂಚೆ ಜಾಗ ಒರೆಸಿ ಟಿಂಚರ್ ಅಯೋಡಿನ್ ಹಚ್ಚಿಸಿ. ಆಮೇಲೆ ವಾರ, ಹತ್ತು ದಿನ ದಿನಾ ಕಿವಿ ನೋಡಿ. ಗಾಯದ ಸುತ್ತ ಬೇವಿನೆಣ್ಣೆ ಹಚ್ಚಿದರೆ ನೊಣ ದೂರ ಇರುತ್ತದೆ. ಊತ, ಕೀವು, ಕೆಟ್ಟ ವಾಸನೆ ಕಂಡರೆ ವೈದ್ಯರಿಗೆ ತೋರಿಸಿ. ಓಲೆ ಕತ್ತರಿಸಿ ತೆಗೆಯುವುದೊಂದೇ ದಾರಿ ಅಂತ ನೀವೇ ತೀರ್ಮಾನ ಮಾಡಬೇಡಿ.

ಓಲೆ ಬಿದ್ದುಹೋಗಿದೆ. ಏನು ಮಾಡಲಿ?

ಬೀಳುವುದು ಮಾಮೂಲು. ಗೋದಲಿಗೆ, ಮುಳ್ಳುತಂತಿಗೆ, ಇನ್ನೊಂದು ದನದ ಕೊಂಬಿಗೆ ಸಿಕ್ಕಿ ಹರಿಯುತ್ತದೆ. ಹೊಸ ಓಲೆ ಹಾಕಿಸಿಕೊಳ್ಳಿ. ಅದಕ್ಕೆ ಹೊಸ ನಂಬರ್ ಇರುತ್ತದೆ. ಆದರೆ ಹಾಕುವವರಿಗೆ ಹಳೆಯ ನಂಬರ್ ಹೇಳಿ, ಅದೇ ಹಸುವಿನ ಓಲೆ ಬದಲಾವಣೆ ಅಂತಲೇ ನಮೂದಿಸಲು ಹೇಳಿ. ಹಾಗೆ ಮಾಡದೆ ಹೊಸ ದನ ಅಂತ ನೋಂದಾಯಿಸಿದರೆ ಹಳೆಯ ಲಸಿಕೆ, ಸೂಲು, ಗರ್ಭಧಾರಣೆಯ ದಾಖಲೆ ಎಲ್ಲ ಅನಾಥ. ಕಂಪ್ಯೂಟರಿನಲ್ಲಿ ನಿಮಗೆ ಎರಡು ಹಸು, ಕೊಟ್ಟಿಗೆಯಲ್ಲಿ ಒಂದು.

ದೇಶದಲ್ಲಿ ಇಂಥ ನಂಬರ್‌ಗಳು ಈಗ 35 ಕೋಟಿ ದಾಟಿವೆ. 2019ರ ಗಣತಿಯಲ್ಲಿ ದನ, ಎಮ್ಮೆ ಸೇರಿ ಇದ್ದದ್ದು 30 ಕೋಟಿ ಚಿಲ್ಲರೆ. ಕುರಿ, ಮೇಕೆಯ ನಂಬರ್‌ಗಳೂ ಆ 35 ಕೋಟಿಯಲ್ಲಿ ಸೇರಿವೆ ಅನ್ನೋದು ಸರಿ. ಆದರೂ ಕೊಟ್ಟ ನಂಬರ್ ಎಷ್ಟು ಅನ್ನೋದೇ ಬೇರೆ, ಬದುಕಿರುವ ದನ ಎಷ್ಟು ಅನ್ನೋದೇ ಬೇರೆ.

ಹಳೆಯ ನಂಬರ್ ನೆನಪಿಲ್ಲದವರಿಗೆ ಒಂದು ಕಿವಿಮಾತು. ಇವತ್ತೇ ಎಲ್ಲ ದನಗಳ ಓಲೆಯ ಫೋಟೊ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ. ಕೊಟ್ಟಿಗೆ ಗೋಡೆಯ ಮೇಲೆ ಬರೆದರೂ ನಡೆಯುತ್ತದೆ.

ವಿಮೆಗೂ ಇದಕ್ಕೂ ಏನು ಸಂಬಂಧ?

ವಿಮೆಯವರ ಹಳೆಯ ಮಾತು ಒಂದೇ: ಟ್ಯಾಗ್ ಇಲ್ಲ ಅಂದರೆ ಕ್ಲೇಮ್ ಇಲ್ಲ. ಸತ್ತ ಹಸುವೇ ವಿಮೆ ಮಾಡಿಸಿದ ಹಸು ಅಂತ ತೋರಿಸಲು ಅವರಿಗೆ ಇರುವ ಆಧಾರ ಕಿವಿಯ ನಂಬರ್. ಓಲೆ ಬಿದ್ದರೆ ಅದೇ ದಿನ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಹೊಸ ನಂಬರನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಹಸು ಸತ್ತ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಲ್ಲಿ ಆದ ಬದಲಾವಣೆಯಂತೆ ರೈತನ ಪಾಲಿನ ಪ್ರೀಮಿಯಂ 15 ಶೇಕಡಾ. ಉಳಿದದ್ದು ಕೇಂದ್ರ, ರಾಜ್ಯಗಳ ಸಹಾಯಧನ. ನಿಮ್ಮ ತಾಲ್ಲೂಕಿಗೆ ಈ ವರ್ಷ ಗುರಿ ನಿಗದಿಯಾಗಿದೆಯಾ ಅಂತ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಸು ಸತ್ತುಹೋದರೆ?

ಹೂಳುವ ಮುಂಚೆ ವೈದ್ಯರಿಗೆ ತಿಳಿಸಿ. ಓಲೆ ಕಾಣುವ ಹಾಗೆ ಫೋಟೊ ತೆಗೆಯಿರಿ. ವಿಮೆ ಇದ್ದರೆ ಮರಣೋತ್ತರ ಪರೀಕ್ಷೆಯ ವರದಿ ಬೇಕು, ಓಲೆಯನ್ನೂ ಒಪ್ಪಿಸಬೇಕು. ವಿಮೆ ಇಲ್ಲದಿದ್ದರೂ ಸಾವನ್ನು ದಾಖಲಿಸಿ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಘೋಷಿಸಿತ್ತು. ಇಂಥ ಹೊತ್ತಿನಲ್ಲಿ ದಾಖಲೆ ಇದ್ದವನ ಅರ್ಜಿ ಓಡುತ್ತದೆ, ಇಲ್ಲದವನದು ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಓಲೆ ಹಾಕಿಸಿದರೆ ಹೋರಿಗರು, ಮುದಿ ಹಸು ಮಾರಲು ಆಗಲ್ಲ ಅಂತಾರೆ. ನಿಜವಾ?

ಅದು ಓಲೆಯ ನಿಯಮ ಅಲ್ಲ. ಜಾನುವಾರು ಹತ್ಯೆ ನಿಷೇಧ ಮತ್ತು ಸಾಗಾಟದ ಷರತ್ತುಗಳು ಬಂದಿರುವುದು ಕರ್ನಾಟಕದ 2020ರ ಕಾಯ್ದೆಯಿಂದ. ಓಲೆ ಇದ್ದರೂ ಇಲ್ಲದಿದ್ದರೂ ಅದು ಅನ್ವಯಿಸುತ್ತದೆ. ಆದರೆ ಭಯಕ್ಕೆ ಕಾರಣ ಇಲ್ಲದಿಲ್ಲ. ಸಾಕಲಾಗದ ಹೋರಿಗರುವನ್ನು ಬಿಟ್ಟರೆ ನಂಬರಿನಿಂದ ಮನೆ ಪತ್ತೆಯಾಗುತ್ತದೆ ಅಂತ ಓಲೆಯನ್ನೇ ಕತ್ತರಿಸುವವರಿದ್ದಾರೆ. ಸಾಕುವ ಖರ್ಚನ್ನು ಯಾರು ಹೊರಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಡದೆ ಗುರುತು ಮಾತ್ರ ಬಿಗಿ ಮಾಡಿದರೆ, ಜನ ಗುರುತನ್ನೇ ಕಿತ್ತುಹಾಕುತ್ತಾರೆ. ಅದರಲ್ಲಿ ಆಶ್ಚರ್ಯ ಏನಿಲ್ಲ.

ಗರ್ಭಧಾರಣೆಗೆ ಬಂದವರೂ ನಂಬರ್ ಕೇಳುತ್ತಾರೆ. ಯಾಕೆ?

ಸೆಮೆನ್ (ವೀರ್ಯ) ತುಂಬಿದ ಕಡ್ಡಿಯ ಮೇಲೆ ಹೋರಿಯ ಗುರುತು ಇರುತ್ತದೆ. ಹಸುವಿನ ನಂಬರ್ ಜೊತೆ ಅದನ್ನೂ ದಾಖಲಿಸುತ್ತಾರೆ. ಆ ಹಸುವಿನ ಹೆಣ್ಣುಗರು ದೊಡ್ಡದಾಗಿ ಬೆದೆಗೆ ಬಂದಾಗ, ಅದರ ಅಪ್ಪನದ್ದೇ ಸೆಮೆನ್ ಮತ್ತೆ ಹಾಕದ ಹಾಗೆ ನೋಡಿಕೊಳ್ಳಬಹುದು. ರಕ್ತ ಹತ್ತಿರವಾದಷ್ಟೂ ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ಕಷ್ಟ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಸಾಕುವವರಿಗೆ ಇದು ಇನ್ನೂ ಮುಖ್ಯ. ಶುದ್ಧ ತಳಿ ಅಂತ ಬಾಯಲ್ಲಿ ಹೇಳುವುದಕ್ಕೂ ಎರಡು ತಲೆಮಾರಿನ ದಾಖಲೆ ತೋರಿಸುವುದಕ್ಕೂ ಬೆಲೆಯಲ್ಲೇ ವ್ಯತ್ಯಾಸ ಕಾಣುತ್ತದೆ.

ನಮ್ಮ ಹೆಸರು, ಫೋನ್ ನಂಬರ್ ಎಲ್ಲ ಅಲ್ಲಿದೆ. ಯಾರು ಯಾರು ನೋಡಬಹುದು?

ಮಾಲೀಕರ ಹೆಸರು, ಊರು, ಮೊಬೈಲ್, ದನದ ತಳಿ, ವಯಸ್ಸು, ಲಿಂಗ, ಸೂಲು, ಲಸಿಕೆ, ಚಿಕಿತ್ಸೆ ಅಲ್ಲಿ ದಾಖಲಾಗುತ್ತದೆ. ಇಲಾಖೆಯ ಸಿಬ್ಬಂದಿ ಇದನ್ನು ತುಂಬುತ್ತಾರೆ, ನೋಡುತ್ತಾರೆ. ರೈತರೇ ನೋಡಿಕೊಳ್ಳಲು 1962 ಅನ್ನುವ ಆ್ಯಪ್ ಇದೆ. ಅದೇ ನಂಬರಿಗೆ ಫೋನ್ ಮಾಡಿದರೆ ಪಶು ಸಂಜೀವಿನಿ ಅನ್ನುವ ಸಂಚಾರಿ ಚಿಕಿತ್ಸಾ ಗಾಡಿ ಬರುವುದು ನಿಮಗೆ ಗೊತ್ತಿರಬಹುದು. ನಮೂದು ಮಾಡುವ ದಿನವೇ ಪರದೆಯಲ್ಲಿ ಒಮ್ಮೆ ತೋರಿಸಿ ಅಂತ ಕೇಳಿ. ನಿಮ್ಮ ಮೊಬೈಲ್ ಬದಲು ಬೇರೆ ಯಾರದೋ ನಂಬರ್ ಹಾಕಿದ್ದರೆ ಆಮೇಲೆ ಬರುವ ಓಟಿಪಿ, ಮೆಸೇಜು ಎಲ್ಲ ಅವರಿಗೆ ಹೋಗುತ್ತದೆ. ಫೋನಿನಲ್ಲಿ "ಪಶು ಇಲಾಖೆಯಿಂದ" ಅಂತ ಓಟಿಪಿ ಕೇಳಿದರೆ ಕೊಡಬೇಡಿ. ಎದುರಿಗೆ ನಿಂತು ಕೆಲಸ ಮಾಡುತ್ತಿರುವವರಿಗೆ ಮಾತ್ರ ಹೇಳಿ.

ಜಾನುವಾರು ಗಣತಿಯವರು ಬಂದು ಬರೆದುಕೊಂಡು ಹೋದರಲ್ಲ, ಅದು ಇದೇನಾ?

ಅಲ್ಲ. ಗಣತಿ ಐದು ವರ್ಷಕ್ಕೊಮ್ಮೆ ತಲೆ ಎಣಿಸುವುದು. 21ನೆಯದು 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಓಲೆ ಒಂದೊಂದೇ ದನದ ದಾಖಲೆ.

ಬೇರೆ ದೇಶಗಳಲ್ಲಿ ಸಾವಿರಾರು ದನ ಸಾಕುವವರು ಇದಕ್ಕೆ ಒಪ್ಪಿದರಾ?

ಸುಲಭಕ್ಕೆ ಒಪ್ಪಲಿಲ್ಲ. ಬ್ರಿಟನ್ ಕಲಿತದ್ದು ಪೆಟ್ಟು ತಿಂದ ಮೇಲೆ. ಹುಚ್ಚು ಹಸು ರೋಗ ಮನುಷ್ಯರಿಗೂ ಬರಬಹುದು ಅಂತ 1996ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಹೇಳಿದ ಕೂಡಲೇ ದನದ ಮಾಂಸದ ರಫ್ತು ನಿಂತಿತು. ಆ ತಡೆ ಪೂರ್ತಿ ತೆರವಾಗಲು ಹತ್ತು ವರ್ಷ ಬೇಕಾಯಿತು. 1996ರಲ್ಲೇ ಪ್ರತಿ ಕರುವಿಗೂ ಪಾಸ್‌ಪೋರ್ಟ್ ಶುರುವಾಯಿತು, 1998ರಲ್ಲಿ ಕಂಪ್ಯೂಟರ್ ದಾಖಲೆ ಬಂತು. ಅಲ್ಲಿ ಎರಡೂ ಕಿವಿಗೆ ಓಲೆ. ಹಾಲಿನ ತಳಿಯ ಕರುವಿಗೆ ಮೊದಲ ಓಲೆ ಹುಟ್ಟಿದ 36 ಗಂಟೆಯೊಳಗೆ. ಪಾಸ್‌ಪೋರ್ಟ್ ಇಲ್ಲದ ದನ ಮಾರುಕಟ್ಟೆಗೆ ಹೋಗುವ ಹಾಗಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ ಮೊದಲ ಹುಚ್ಚು ಹಸು 2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕಿತು. ಮರುವರ್ಷ ದೇಶಕ್ಕೆಲ್ಲ ಒಂದೇ ಗುರುತಿನ ವ್ಯವಸ್ಥೆ ತರುತ್ತೇವೆ ಅಂತ ಕೃಷಿ ಇಲಾಖೆ ಹೊರಟಿತು. ರಾಂಚ್ (ದೊಡ್ಡ ದನದ ಫಾರಂ) ಮಾಲೀಕರು ತಿರುಗಿಬಿದ್ದರು. ಖರ್ಚು ನಮ್ಮ ತಲೆಗೆ, ಲಾಭ ದೊಡ್ಡ ಮಾಂಸ ಕಂಪನಿಗೆ, ನಮ್ಮ ದನದ ಲೆಕ್ಕ ಸರ್ಕಾರಕ್ಕೆ ಯಾಕೆ ಅಂತ ಕೇಳಿದರು. 2010ರಲ್ಲಿ ಇಲಾಖೆ ಆ ಯೋಜನೆ ಕೈಬಿಟ್ಟಿತು. 2013ರಲ್ಲಿ ಚಿಕ್ಕ ಮಟ್ಟದ ನಿಯಮ ಬಂತು: ರಾಜ್ಯದ ಗಡಿ ದಾಟುವ ದನಗಳಿಗೆ ಮಾತ್ರ. 2024ರ ನವೆಂಬರ್ 5ರಿಂದ ಅಂಥ ದನಗಳಿಗೆ ಹೊಸ ಷರತ್ತು. ಅಧಿಕೃತ ಓಲೆಯನ್ನು ಕಣ್ಣಿಂದಲೂ ಓದುವಂತಿರಬೇಕು, ಯಂತ್ರದಿಂದಲೂ ಓದುವಂತಿರಬೇಕು. ಹಾಲಿನ ದನಗಳೆಲ್ಲ ಇದರಲ್ಲಿ ಬರುತ್ತವೆ. ಮಾಂಸದ ತಳಿಯಲ್ಲಿ 18 ತಿಂಗಳು ದಾಟಿದ ಹಸು, ಬೀಜ ಒಡೆಯದ ಹೋರಿಗಳು ಬರುತ್ತವೆ. ರೋಡಿಯೊ (ಹೋರಿ ಸವಾರಿಯಂಥ ಆಟ), ಪ್ರದರ್ಶನದ ದನಗಳಿಗೂ ಇದೇ ನಿಯಮ. ಈಗಲೂ ವಿರೋಧ ನಿಂತಿಲ್ಲ.

ಆಸ್ಟ್ರೇಲಿಯಾ 2005ರ ಹೊತ್ತಿಗೆ ದೇಶಕ್ಕೆಲ್ಲ ಎಲೆಕ್ಟ್ರಾನಿಕ್ ಓಲೆ ಕಡ್ಡಾಯ ಮಾಡಿತು. ದನದ ಮಾಂಸ ರಫ್ತೇ ಜೀವಾಳವಾದ ಉರುಗ್ವೆ 2006ರಲ್ಲಿ ಕಡ್ಡಾಯ ಮಾಡಿ ಓಲೆಯನ್ನು ಸರ್ಕಾರವೇ ಪುಕ್ಕಟೆ ಕೊಟ್ಟಿತು. ಅಲ್ಲಿ ತಕರಾರು ಕಡಿಮೆ ಇದ್ದದ್ದಕ್ಕೆ ಆ ಪುಕ್ಕಟೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ನಮ್ಮದು ಎರಡು ಹಸು, ಒಂದು ಎಮ್ಮೆಯ ಲೆಕ್ಕ. ಅವರದ್ದು ಸಾವಿರದ ಲೆಕ್ಕ. ಆದರೂ ರಾಂಚ್ ಮಾಲೀಕ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಶ್ರಮ ಯಾರದು, ಲಾಭ ಯಾರಿಗೆ? ಕಾಲುಬಾಯಿ ರೋಗ ಇರುವ ದೇಶದ ಹಾಲು, ಮಾಂಸಕ್ಕೆ ಹೊರಗೆ ಹಲವು ಕಡೆ ಬಾಗಿಲು ಮುಚ್ಚಿದೆ. 2030ರೊಳಗೆ ರೋಗ ತೊಲಗಿಸುವ ಗುರಿ ಸರ್ಕಾರಕ್ಕಿದೆ. ಆ ಬಾಗಿಲು ತೆರೆದ ದಿನ ಅದರ ಒಂದು ಪಾಲು ಡೇರಿಯ ಹಾಲಿನ ದರದಲ್ಲೂ ಕಾಣಬೇಕು.

ಎಲೆಕ್ಟ್ರಾನಿಕ್ ಓಲೆ ನಮಗೂ ಬರುತ್ತಾ?

ಸಾವಿರ ದನ ಒಂದೇ ಗೇಟಿನಲ್ಲಿ ಓಡುವ ಕಡೆ ಅದು ಬೇಕು. ಕೊಟ್ಟಿಗೆಯಲ್ಲಿ ಕಟ್ಟಿದ ಮೂರು ದನಗಳ ನಂಬರನ್ನು ಮೊಬೈಲಲ್ಲೇ ಓದಬಹುದು. ಮನುಷ್ಯರ ಬೆರಳಚ್ಚಿನಂತೆ ದನದ ಮೂತಿಯ ಗೆರೆಗಳೂ ಒಂದರ ಹಾಗೆ ಇನ್ನೊಂದಿಲ್ಲ. ಅದನ್ನು ಫೋಟೊ ತೆಗೆದು ಗುರುತಿಸುವ ಪ್ರಯತ್ನಗಳು ವಿಮೆಯ ಕ್ಷೇತ್ರದಲ್ಲಿ ನಡೆದಿವೆ. ಮೂತಿಯನ್ನಂತೂ ಯಾರೂ ಕತ್ತರಿಸಿ ಬಿಸಾಡಲಾರರು.

ಕುರಿ, ಮೇಕೆಗೂ ಹಾಕಿಸಬೇಕಾ?

ಕಾಲುಬಾಯಿ ಲಸಿಕೆ ಕಾರ್ಯಕ್ರಮದಲ್ಲಿ ಅವೂ ಸೇರಿವೆ. ಓಲೆ ಚಿಕ್ಕದು. ವಿಮೆ ಮಾಡಿಸುವವರು ತಪ್ಪದೆ ಹಾಕಿಸಿ.

ಓಲೆ ಹಾಕಲು ಬರುವ ದಿನ ಏನು ಸಿದ್ಧ ಇಟ್ಟುಕೊಳ್ಳಬೇಕು?

ದನಗಳನ್ನು ಬೆಳಿಗ್ಗೆ ಮೇಯಲು ಬಿಡಬೇಡಿ. ಹಿಡಿಯಲು ಮನೆಯವರೊಬ್ಬರು ಇರಲಿ, ಹೊಸಬರಿಗೆ ದನ ಬೆದರುತ್ತದೆ. ನಿಮ್ಮ ಆಧಾರ್, ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ), ಓಟಿಪಿ ಬರುವ ಮೊಬೈಲ್ ಹತ್ತಿರ ಇರಲಿ. ಕರು ಹುಟ್ಟಿದ ತಿಂಗಳು, ಹಸು ಎಷ್ಟನೇ ಸೂಲು ಅನ್ನೋದನ್ನು ಮೊದಲೇ ನೆನಪು ಮಾಡಿಕೊಳ್ಳಿ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಹಾಕುವ ಓಲೆಗೆ ದುಡ್ಡು ಕೊಡಬೇಕಿಲ್ಲ.